ಎಡಕ್ಕೆ ತಿರುಗಿದ ಗೌಜಲಕ್ಕಿ

ಏಳನೆಯ ಕಂತು

"ಎಲ್ಲಾರೂ ಗೋಡೆ ಕಡೆ ತಿರುಗ್ರಿ. ಪಾಸ್‌ವರ್ಡ್ ಒತ್ತಬೇಕು ನಾನು."

ನೇಕಾರರ ಸಂಘದ ಕಾರ್ಯದರ್ಶಿ ಬೊಮ್ಮಯ್ಯ ಕುರ್ಚಿಯನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದುಕೊಂಡ. ಕಾವಿಗೆ ಕೂತ ಕೋಳಿ ರೆಕ್ಕೆ ಹರಡುವ ಹಾಗೆ ಎರಡೂ ಮೊಣಕೈ ಅಗಲಿಸಿ ಕೀಬೋರ್ಡನ್ನು ಮರೆಮಾಡಿ ಕೂತ.

ದಫೇದಾರ್ ಗಾದ್ರಪ್ಪನ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಗೋಡೆಗೆ ಮುಖ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನೇ ಬೇಕಾದಷ್ಟು ಜನರನ್ನು ಹಾಗೆ ನಿಲ್ಲಿಸಿದ್ದ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ತಿರುಗಿ ನಿಂತ. ಗೋಡೆಯ ಮೇಲೆ ಸಂಘದ ಹಳೆಯ ಅಧ್ಯಕ್ಷರ ಫೋಟೋಗಳು ಸಾಲಾಗಿದ್ದವು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಕಣ್ಣಿಗೆ ಕೆಲಸವಿಲ್ಲದಾಗ ಅವನ ಕಿವಿ ಸುಮ್ಮನಿರುತ್ತಿರಲಿಲ್ಲ. ಟಕ್, ಟಕ್, ಟಕ್. ಒಂಬತ್ತು ಸಣ್ಣ ಸಪ್ಪಳ. ಆಮೇಲೆ ಒಂದು ದೊಡ್ಡದು.

"ಹೂಂ, ಈಗ ತಿರುಗ್ರಿ," ಅಂದ ಬೊಮ್ಮಯ್ಯ. "ಈ ಪಾಸ್‌ವರ್ಡ್ ನನ್ನ ಹೆಂಡ್ತಿಗೂ ಗೊತ್ತಿಲ್ಲ, ಮಗ ವಿನೋದಂಗೂ ಗೊತ್ತಿಲ್ಲ ದಫೇದಾರ್ರೇ. ಬೇಕಾದ್ರೆ ಬರ್ಕಳಿ."

"ಬರ್ಕಂಡೆ," ಅಂದ ಗಾದ್ರಪ್ಪ. ನಿಜವಾಗಿಯೂ ಪುಸ್ತಕ ತೆಗೆದು ಬರೆದುಕೊಂಡ.

ಇಬ್ಬರೂ ಮೊಳಕಾಲ್ಮೂರಿನ ಒಂದೇ ಶಾಲೆಯ ಒಂದೇ ಬೆಂಚಿನವರು. ಆಗ ಬೊಮ್ಮಯ್ಯ ಅವನನ್ನು ಗಾದ್ರಾ ಎಂದು ಕೂಗುತ್ತಿದ್ದ. ಒಬ್ಬ ಕಾರ್ಯದರ್ಶಿಯಾಗಿ ಇನ್ನೊಬ್ಬ ಪೊಲೀಸಾದ ಮೇಲೆ ಆ ಹೆಸರು ಎಲ್ಲೋ ಬಿದ್ದುಹೋಗಿ, ದಫೇದಾರ್ರೇ ಎನ್ನುವುದು ಬಂದಿತ್ತು.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಓಬಳಮ್ಮ ಸೆರಗನ್ನು ಬಿಗಿಯಾಗಿ ಹೊದ್ದು ಕೂತಿದ್ದಳು. ಅವಳು ಬರೆದ ಗೌಜಲಕ್ಕಿ ಅಂಚಿನ ಸೀರೆ ಸಂಘದ ಮಗ್ಗದಿಂದ ಒಂದೂ ಇಳಿಯುವ ಮೊದಲೇ, ಅದೇ ಅಂಚಿನ ಪವರ್‌ಲೂಮ್ ಸೀರೆ ಚಳ್ಳಕೆರೆಯ ಅಂಗಡಿಯಲ್ಲಿ ನೇತಾಡುತ್ತಿತ್ತು. ಕದ್ದು ಕೊಟ್ಟವಳು ಅವಳೇ ಎಂದು ಬೊಮ್ಮಯ್ಯ ಅರ್ಜಿ ಕೊಟ್ಟು ಐದು ದಿನವಾಗಿತ್ತು.

ಇವತ್ತು ನಾಲ್ಕು ಗಂಟೆಗೆ ಸದಸ್ಯರ ಸಭೆ. ಅಲ್ಲಿ ಅವಳ ಹೆಸರು ಹೊಡೆದುಹಾಕುವುದೆಂದೂ, ಅವಳ ಮನೆಯಲ್ಲಿರುವ ಸಂಘದ ಮಗ್ಗವನ್ನು ನಾಳೆಯೇ ಬಿಚ್ಚಿ ತರುವುದೆಂದೂ ಬೊಮ್ಮಯ್ಯ ಆಗಲೇ ಊರಿಗೆಲ್ಲಾ ಸಾರಿದ್ದ. ಹೊರಗೆ ಅಟೆಂಡರ್ ಜುಂಜಣ್ಣ ಕಬ್ಬಿಣದ ಕುರ್ಚಿಗಳನ್ನು ಬಿಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

ಗಡಿಯಾರದಲ್ಲಿ ಎರಡೂಮುಕ್ಕಾಲು.

"ಏಳ್ರಿ ಸಾರ್, ನಾನು ಕೂತ್ಕಂತೀನಿ," ಅಂದಳು ದಿವ್ಯಶ್ರೀ.

ಚಳ್ಳಕೆರೆ ಬಸ್ ಸ್ಟ್ಯಾಂಡ್ ಎದುರಿಗೆ ಕಂಪ್ಯೂಟರ್ ಸೆಂಟರ್ ಇಟ್ಟವಳು ಅವಳು. ಮೂರು ವರ್ಷದ ಹಿಂದೆ ಈ ಕಂಪ್ಯೂಟರನ್ನು ಇಲ್ಲಿ ಕೂರಿಸಿದ್ದೂ ಅವಳೇ. ಗಾದ್ರಪ್ಪ ಬೆಳಿಗ್ಗೆ ಫೋನ್ ಮಾಡಿ, "ನಿನ್ನ ಮಿಷನ್ನು ಸುಳ್ಳು ಹೇಳ್ತಾ ಐತೆ, ಬಂದು ಕೇಳು," ಎಂದು ರೇಗಿದ್ದಕ್ಕೆ, ಕ್ಲಾಸು ಬಿಟ್ಟು ಬಸ್ಸು ಹತ್ತಿ ಬಂದಿದ್ದಳು.

ಮೇಜಿನ ಮೇಲೆ ಆ ಪವರ್‌ಲೂಮ್ ಸೀರೆ ಹರಡಿಕೊಂಡು ಬಿದ್ದಿತ್ತು. ಅಂಚಿನುದ್ದಕ್ಕೂ ಗೌಜಲಕ್ಕಿಗಳ ಸಾಲು. ಗಿಡ್ಡ ಬಾಲ, ಉಬ್ಬಿದ ಎದೆ, ಹುಲ್ಲಿನಲ್ಲಿ ಓಡುವಾಗ ಮುಂದಕ್ಕೆ ಚಾಚುವ ಕತ್ತು. ದನ ಮೇಯುವ ಕಾವಲಿನ ಹುಲ್ಲಲ್ಲಿ ಬೆಳೆದವರು ನೋಡಿದ ಕೂಡಲೇ ಹೆಸರು ಹೇಳುವಂತಿತ್ತು. ಒಂದೊಂದೂ ಎಡಕ್ಕೆ ಓಡುತ್ತಿತ್ತು.

ಓಬಳಮ್ಮನ ಮಗ್ಗದ ಮೇಲೆ ಅರ್ಧ ನೇಯ್ದು ನಿಂತಿದ್ದ ಸೀರೆಯ ಮುಖದ ಕಡೆ ಅವೇ ಹಕ್ಕಿಗಳು ಬಲಕ್ಕೆ ಓಡುತ್ತಿದ್ದವು.

ನಾಲ್ಕು ದಿನ ಗಾದ್ರಪ್ಪನ ತಲೆ ತಿಂದದ್ದು ಅದೊಂದೇ. ಕದ್ದವನು ಹಕ್ಕಿಯ ಮುಖವನ್ನು ಯಾಕೆ ತಿರುಗಿಸಿದ? ಗುರುತು ಸಿಗದಿರಲಿ ಎಂದಾದರೆ ಬಣ್ಣ ಬದಲಿಸುತ್ತಿದ್ದ, ಎಲೆಯನ್ನು ಸೇರಿಸುತ್ತಿದ್ದ. ಏನನ್ನೂ ಮುಟ್ಟದೆ ಬರೀ ದಿಕ್ಕು ಬದಲಿಸುವ ಕಳ್ಳನನ್ನು ಅವನು ಕಂಡಿರಲಿಲ್ಲ.

"ಅರ್ಧ ಗಂಟೆ ಹಿಂದೆ ಓಬಳಕ್ಕನ ಹೆಸರಲ್ಲಿ ಲಾಗಿನ್ ಆಗಿ ಇದೇ ಫೈಲು ತೆಗೆದ್ವಲ್ಲ," ಅಂದಳು ದಿವ್ಯಶ್ರೀ. "ಹಕ್ಕಿ ಯಾವ ಕಡೆಗಿತ್ತು ಸಾರ್?"

"ಬಲಕ್ಕೆ. ನಾನೇ ನೋಡಿದೀನಿ. ಚೌಕಳಿ ಚೌಕಳಿ ಮನೆ ಇದ್ವು, ಅದ್ರಾಗೆ ಹಕ್ಕಿ ಬಲಕ್ಕೆ ನೋಡ್ತಿತ್ತು."

"ಈಗ ಕಾರ್ಯದರ್ಶಿಗಳ ಹೆಸರಲ್ಲಿ ಅದೇ ಫೈಲು. ನಾನು ಏನೂ ಮಾಡಲ್ಲ. ಎರಡು ಸಲ ಒತ್ತುತೀನಿ, ಅಷ್ಟೇ."

ಅವಳು ಒತ್ತಿದಳು. ಪರದೆಯ ಮೇಲೆ ಚಿತ್ರ ಬಂತು. ಚೌಕಳಿ ಇರಲಿಲ್ಲ. ಹಕ್ಕಿ ಎಡಕ್ಕೆ ನೋಡುತ್ತಿತ್ತು.

ಗಾದ್ರಪ್ಪ ಬಗ್ಗಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಮೇಜಿನ ಮೇಲಿನ ಸೀರೆಯನ್ನು ನೋಡಿದ. ಮತ್ತೆ ಪರದೆಯನ್ನು ನೋಡಿದ.

"ಒಂದೇ ಫೈಲು?"

"ಒಂದೇ."

"ಬೇರೆ ಮಾಡಿ ಇಟ್ಟಿಲ್ಲ ತಾನೆ ಯಾರೂ?"

"ಇಲ್ಲ ಸಾರ್. ಓಬಳಕ್ಕ, ನೀವು ಚಿತ್ರ ಬರೆಯೋದು ಹೆಂಗೆ ಅಂತ ಇವ್ರಿಗೆ ಹೇಳ್ರಿ."

ಓಬಳಮ್ಮ ತಲೆ ಎತ್ತಿದಳು. ಐದು ದಿನದಲ್ಲಿ ಅವಳನ್ನು ಯಾರೂ ಕೆಲಸದ ಬಗ್ಗೆ ಕೇಳಿರಲಿಲ್ಲ. ಕದ್ದೆಯಾ ಎಂದಷ್ಟೇ ಕೇಳಿದ್ದರು.

"ತಿರುಗಿಸಿ ಬರೀತೀನಪ್ಪ," ಅಂದಳು. "ನಮ್ಮ ಮನೆ ಮಗ್ಗದಾಗೆ ಸೀರೆ ಮುಖ ಕೆಳಗೆ ಬರ್ತೈತೆ. ನೇಯೋರ ಕಣ್ಣಿಗೆ ಕಾಣೋದು ಬೆನ್ನು. ನಮ್ಮಪ್ಪ ಗ್ರಾಫ್ ಹಾಳೆ ಮೇಲೂ ಬೆನ್ನಿನ ಕಡೆಯಿಂದ್ಲೇ ಬರೀತಿದ್ದ. ಈಗ ಹಾಳೆ ಇಲ್ಲ, ಕಂಪ್ಯೂಟರಿನ ಹಲಗೆ ಮೇಲೆ ಪೆನ್ನಲ್ಲಿ ಬರಿಯೋದು, ಅದ್ರಾಗೂ ನನಗೆ ಹಂಗೇ ಕೈ ಬಿದ್ದೈತೆ. ಬಲಕ್ಕೆ ಓಡೋ ಹಕ್ಕಿ ಬೇಕಾದ್ರೆ ನಾನು ಎಡಕ್ಕೆ ಓಡೋ ಹಕ್ಕಿನೇ ಬರಿಯೋದು."

"ಅದಕ್ಕೇ ನಾನು ಅವ್ರ ಹೆಸರಿಗೆ ಮಗ್ಗದ ಪ್ರೋಗ್ರಾಂ ಹಾಕಿಕೊಟ್ಟೆ," ಅಂದಳು ದಿವ್ಯಶ್ರೀ. "ಅದು ಫೈಲು ತೆಗೆಯೋವಾಗ್ಲೇ ಮಗುಚಿ ತೋರಿಸ್ತದೆ. ನೇಯ್ದಾಗ ಹೆಂಗೆ ಕಾಣ್ತದೋ ಹಂಗೆ. ಬೇರೆ ಯಾವುದ್ರಲ್ಲಿ ತೆಗೆದ್ರೂ ಬರೆದಿದ್ದು ಬರೆದಂಗೇ ಕಾಣ್ತದೆ. ಎಡಕ್ಕೆ."

"ಒಂದೇ ಮಿಷನ್ನು, ಒಂದೇ ಫೈಲು. ನೀನು ಒತ್ತಿದ್ದೂ ಒಂದೇ ಥರ. ಆಗ ಆ ಪ್ರೋಗ್ರಾಂ ಬಂತು, ಈಗ ಇದು ಬಂತು. ಇದನ್ನ ತೀರ್ಮಾನ ಮಾಡೋನು ಯಾವನು?"

ಗಾದ್ರಪ್ಪನಿಗೆ ಸಿಟ್ಟು ಇಳಿದು, ಅದರ ಜಾಗದಲ್ಲಿ ಬೇರೇನೋ ಏಳುತ್ತಿತ್ತು. ಇನ್ನೊಂದು ಸ್ಟೂಲನ್ನು ಕಾಲಿನಿಂದ ಎಳೆದು ದಿವ್ಯಶ್ರೀಯ ಪಕ್ಕಕ್ಕೆ ಕೂತ.

"ಪಟ್ಟಿ ಇರ್ತವೆ ಸಾರ್. ಇದು ಯಾವ ಜಾತಿ ಫೈಲು ಅಂತ ಮೊದ್ಲು ನೋಡ್ತದೆ. ಹೆಸರಿನ ಬಾಲ ನೋಡಿ ಗೊತ್ತಾಗ್ತದೆ, ಬಾಲ ಇಲ್ಲದಿದ್ರೆ ಒಳಗೆ ಇಣುಕಿ ನೋಡ್ತದೆ. ಚಿತ್ರ ಅಂತ ಗೊತ್ತಾದ ಮೇಲೆ, ಈಗ ಕೂತಿರೋರು ಚಿತ್ರಕ್ಕೆ ಯಾವ ಪ್ರೋಗ್ರಾಂ ಬೇಕು ಅಂದವ್ರೆ ಅಂತ ಅವರ ಸ್ವಂತ ಪಟ್ಟಿ ನೋಡ್ತದೆ. ಅವರು ಏನೂ ಹೇಳಿಲ್ಲ ಅಂದ್ರೆ ಈ ಡೆಸ್ಕ್‌ಟಾಪಿನ ಪಟ್ಟಿ. ಅದ್ರಲ್ಲೂ ಇಲ್ಲ ಅಂದ್ರೆ ಇಡೀ ಕಂಪ್ಯೂಟರಿನ ಪಟ್ಟಿ. ಡಿಫಾಲ್ಟ್ ಅಂತೀವಿ."

ಗಾದ್ರಪ್ಪ ಆರು ವರ್ಷ ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಬಂದೋಬಸ್ತ್ ಮಾಡಿದವನು. ಪರಶುರಾಂಪುರದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಶೇಂಗಾ ಬಂದು ಬೀಳುವುದನ್ನು ದಿನವೂ ನೋಡಿದವನು.

"ಹಮಾಲಿ ಕೆಲಸ," ಅಂದ.

"ಸಾರ್?"

"ಹಮಾಲಿ ಮೂಟೆ ಹೊತ್ಕಂಡು ನಿಂತ್ಕಂತಾನೆ. ರೈತ ಇಂಥ ಮಂಡಿಗೆ ಹಾಕು ಅಂದ್ರೆ ಅಲ್ಲಿಗೆ. ರೈತ ಬಾಯಿ ಬಿಡ್ಲಿಲ್ಲ ಅಂದ್ರೆ ಆ ಊರಿನ ಮಾಲು ಯಾವಾಗ್ಲೂ ಯಾವ ಮಂಡಿಗೆ ಹೋಗ್ತೈತೋ ಅಲ್ಲಿಗೆ. ಅದೂ ಗೊತ್ತಿಲ್ಲ ಅಂದ್ರೆ ಗೇಟಿನ ಹತ್ರದ ಮೊದಲ್ನೇ ಮಂಡಿಗೆ ಇಳಿಸಿ ಬೀಡಿ ಹಚ್ತಾನೆ."

ದಿವ್ಯಶ್ರೀ ಅವನನ್ನು ತಿರುಗಿ ನೋಡಿದಳು. ಅವಳ ಸೆಂಟರಿಗೆ ಬರುವ ಹುಡುಗರಿಗೆ ಇದನ್ನು ತಿಳಿಸಲು ಅವಳಿಗೆ ಎರಡು ದಿನ ಬೇಕಾಗುತ್ತಿತ್ತು.

"ಅಷ್ಟೇ ಸಾರ್."

"ಸರಿ. ಹಂಗಾದ್ರೆ ಓಬಳಕ್ಕನ ಹಮಾಲಿ ಚಿತ್ರನ ಮಗ್ಗದ ಮಂಡಿಗೇ ಇಳಿಸ್ತಾನೆ. ಈಯಮ್ಮನ ಕಣ್ಣಿಗೆ ಎಡದ ಹಕ್ಕಿ ಈ ಪರದೆ ಮೇಲೆ ಬಿದ್ದೇ ಇಲ್ಲ."

ಬೊಮ್ಮಯ್ಯ ಇಷ್ಟು ಹೊತ್ತು ಕಿಟಕಿಯ ಹತ್ತಿರ ನಿಂತು ಎಲೆಯಡಿಕೆ ಮೆಲ್ಲುತ್ತಿದ್ದವನು ಹೊರಕ್ಕೆ ಉಗಿದು ಬಂದ.

"ಹಮಾಲಿ, ಮಂಡಿ, ಮೂಟೆ. ಸಂಘದಾಗೆ ಕಳ್ಳತನ ಆಗೈತೆ, ಇಲ್ಲಿ ಶೇಂಗಾ ವ್ಯಾಪಾರ ನಡೀತಾ ಐತೆ. ದಫೇದಾರ್ರೇ, ಅವ್ಳು ಪರದೆದು ಮೊಬೈಲಲ್ಲಿ ಫೋಟೋ ಹೊಡ್ಕಂಡು ಕೊಟ್ಟಿದಾಳೆ. ಇದಕ್ಕೆ ಇಷ್ಟು ಪುರಾಣ ಬೇಕಾ?"

"ಫೋಟೋ ಹೊಡೆದ್ರೆ ಹಕ್ಕಿ ಯಾವ ಕಡೆ ಇರಬೇಕು?" ಗಾದ್ರಪ್ಪ ತಣ್ಣಗೆ ಕೇಳಿದ.

ಬೊಮ್ಮಯ್ಯ ಸೀರೆಯನ್ನು ನೋಡಿದ.

"ಬಲಕ್ಕೆ ಇರಬೇಕು," ಅಂದ ಗಾದ್ರಪ್ಪ ತಾನೇ. "ಚಳ್ಳಕೆರೆ ಸೀರೆ ಎಡಕ್ಕೆ ಐತೆ. ಅಂದ್ರೆ ಫೋಟೋ ಅಲ್ಲ, ಫೈಲೇ ಹೋಗೈತೆ. ಈ ಕಂಪ್ಯೂಟರಿಗೆ ಇಂಟರ್ನೆಟ್ ಐತಾ ಮೇಡಂ?"

"ಇಲ್ಲ ಸಾರ್. ಸಂಘದೋರೇ ಬೇಡ ಅಂದ್ರು."

"ಪೆನ್‌ಡ್ರೈವ್?"

ದಿವ್ಯಶ್ರೀ ಬೊಮ್ಮಯ್ಯನ ಕಡೆ ನೋಡದೆ ಹೇಳಿದಳು. "ಕಾರ್ಯದರ್ಶಿಗಳ ಹೆಸರಲ್ಲಿ ಕೂತ್ರೆ ಮಾತ್ರ ಕೆಲಸ ಮಾಡ್ತದೆ. ಹೋದ ವರ್ಷ ಅವರೇ ಠರಾವು ಮಾಡಿಸಿ ನನ್ನ ಕೈಲಿ ಹಂಗೆ ಮಾಡಿಸಿದ್ರು. ಹೊಸ ಪ್ರೋಗ್ರಾಂ ಹಾಕೋದೂ ತೆಗೆಯೋದೂ ಅವರ ಹೆಸರಲ್ಲೇ ಆಗ್ಬೇಕು. ಓಬಳಕ್ಕನ ಹೆಸರಲ್ಲಿ ಪೆನ್‌ಡ್ರೈವ್ ಚುಚ್ಚಿದ್ರೆ ಗೋಡೆಗೆ ಚುಚ್ಚಿದಂಗೆ."

ಹೊರಗೆ ಜುಂಜಣ್ಣನ ಕುರ್ಚಿಯೊಂದು ಠಣ್ ಎಂದಿತು.

"ಲೇ," ಅಂದ ಬೊಮ್ಮಯ್ಯ. ಆಮೇಲೆ ನೆನಪಾಗಿ, "ದಫೇದಾರ್ರೇ, ಯಾರ ಮೇಲೆ ಹೇಳ್ತಾ ಇದೀರಿ? ಅರ್ಜಿ ಕೊಟ್ಟೋನು ನಾನು."

"ಕೊಟ್ಟಿದ್ದು ಗೊತ್ತು. ಈಗ ಕೇಳಿದ್ದಕ್ಕೆ ಹೇಳ್ರಿ. ನೀವು ಯಾವತ್ತಾದ್ರೂ ಈ ಡಿಸೈನ್ ಫೈಲು ತೆಗೆದು ನೋಡಿದೀರಾ?"

"ನನಗೆ ಈ ಮಿಷನ್ನಲ್ಲಿ ಕಾಗದ ಬರೆಯೋದು ಬಿಟ್ರೆ ಏನೂ ಬರಲ್ಲ. ಡಿಸೈನು ನನ್ನ ಹೆಸರಲ್ಲಿ ಇವತ್ತೇ ಮೊದ್ಲು ನೋಡಿದ್ದು. ನಮ್ಮವ್ವನಾಣೆ."

"ನೋಡ್ರಿ, ಅವ್ವನ್ನ ಮಧ್ಯಕ್ಕೆ ತಂದಿದೀರಿ. ಮೇಡಂ, ಇವರ ಸ್ವಂತ ಪಟ್ಟಿ ಅಂತ ಒಂದು ಇರ್ತದೆ ಅಂದ್ರಲ್ಲ, ಅದನ್ನ ಕಣ್ಣಲ್ಲಿ ನೋಡ್ಬೋದಾ?"

"ಸಣ್ಣ ಬರಹದ ಫೈಲು ಸಾರ್. ಅಡಗಿಸಿ ಇಟ್ಟಿರ್ತದೆ, ಆದ್ರೆ ತೆಗೆದು ಓದ್ಬೋದು. ಇವರು ಏನನ್ನೂ ಆರಿಸಿಲ್ಲ ಅಂದ್ರೆ ಅದರಲ್ಲಿ ಚಿತ್ರದ ಬಗ್ಗೆ ಒಂದು ಸಾಲೂ ಇರೋದಿಲ್ಲ."

"ತೆಗಿ."

ಅವಳ ಬೆರಳುಗಳು ಓಡಿದವು. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು. ಕೊನೆಗೆ ಬಿಳಿ ಹಾಳೆಯಂಥ ಒಂದು ಕಿಟಕಿ ತೆರೆದು, ಅದರಲ್ಲಿ ನಾಲ್ಕೈದು ಸಾಲು ಇಂಗ್ಲಿಷ್ ಅಕ್ಷರ ಬಂತು. ಇಷ್ಟು ದೊಡ್ಡ ಯಂತ್ರ ತೀರ್ಮಾನ ತೆಗೆದುಕೊಳ್ಳುವುದು ಇಷ್ಟು ಸಣ್ಣ ಚೀಟಿ ನೋಡಿಕೊಂಡೇ ಎಂದು ಗಾದ್ರಪ್ಪನಿಗೆ ನಂಬಿಕೆ ಬರಲಿಲ್ಲ.

"ಓದು."

"ಕಾಗದ ಬರೆಯೋ ಫೈಲಿಗೆ ಇಂಥ ಪ್ರೋಗ್ರಾಂ. ಇದು ನಾನೇ ಮೂರು ವರ್ಷದ ಹಿಂದೆ ಆರಿಸಿದ್ದು." ಅವಳು ಕೆಳಗಿನ ಸಾಲಿಗೆ ಬಂದಳು. "ಡಿಸೈನ್ ಚಿತ್ರಕ್ಕೆ..."

ನಿಂತಳು.

"ಡಿಸೈನ್ ಚಿತ್ರಕ್ಕೆ ಏನು?"

"ಸಾಲು ಐತೆ ಸಾರ್."

ಗಾದ್ರಪ್ಪ ಬೊಮ್ಮಯ್ಯನ ಕಡೆ ಮೆಲ್ಲಗೆ ತಿರುಗಿದ. "ಐತಂತೆ."

"ಅದು ತಾನೇ ಬಂದಿರಬೇಕು. ಮಿಷನ್ನು, ಏನೇನೋ ಮಾಡ್ಕಂತದೆ."

"ಈ ಸಾಲು ತಾನೇ ಬರಲ್ಲ ಸಾರ್," ಅಂದಳು ದಿವ್ಯಶ್ರೀ. ದನಿ ಯಾಕೋ ಸಣ್ಣಗಾಗಿತ್ತು. "ಫೈಲಿನ ಮೇಲೆ ಬಲಗಡೆ ಬಟನ್ ಒತ್ತಿ, ಇದರಲ್ಲಿ ತೆಗಿ, ಇನ್ಮೇಲೆ ಯಾವಾಗ್ಲೂ ಇದರಲ್ಲೇ ತೆಗಿ ಅಂತ ಒಬ್ಬರು ಕೂತು ಹೇಳಿದಾರೆ."

"ಯಾವತ್ತು?"

"ಈ ಪಟ್ಟಿ ಕೊನೇ ಸಲ ತಿದ್ದಿದ್ದು ಹೋದ ತಿಂಗಳು ಹನ್ನೆರಡನೇ ತಾರೀಕು. ಮಧ್ಯಾಹ್ನ ಎರಡೂ ಇಪ್ಪತ್ತು."

ಬೊಮ್ಮಯ್ಯನ ಮುಖದಲ್ಲಿ ಜೀವ ಬಂತು. ಜೇಬಿನಿಂದ ಮೊಬೈಲ್ ತೆಗೆದು ಸವರಿ ಸವರಿ ಒಂದು ಫೋಟೋ ಹುಡುಕಿದ. "ಹನ್ನೆರಡು. ನೋಡ್ರಿ. ಚಿತ್ರದುರ್ಗದಾಗೆ ಮೀಟಿಂಗು. ಬೆಳಿಗ್ಗೆ ಹೋದೋನು ಸಂಜೆ ಬಂದಿದೀನಿ. ಈ ಫೋಟೋದಾಗೆ ಹಾರ ಹಾಕ್ತಿರೋನು ನಾನು, ಹಿಂದೆ ಗಡಿಯಾರ ಐತೆ, ಟೈಮ್ ಓದ್ರಿ."

ಗಾದ್ರಪ್ಪ ಓದಿದ. ಫೋಟೋದ ತಾರೀಕು ಹನ್ನೆರಡು, ಗಡಿಯಾರದಲ್ಲಿ ಎರಡೂಕಾಲು. ಹಾರ ಹಾಕುತ್ತಿದ್ದವನು ಬೊಮ್ಮಯ್ಯನೇ.

"ಒಳ್ಳೇದು," ಅಂದ. "ನೀವಿಲ್ಲ. ಹಂಗಾದ್ರೆ ನಿಮ್ಮ ಹೆಸರಲ್ಲಿ ಕೂತೋರು ಯಾರು? ಪಾಸ್‌ವರ್ಡು ಹೆಂಡ್ತಿಗೂ ಗೊತ್ತಿಲ್ಲ, ಮಗಂಗೂ ಗೊತ್ತಿಲ್ಲ. ನಾನು ಬರ್ಕಂಡಿದೀನಿ."

ಬೊಮ್ಮಯ್ಯ ಹೋಗಿ ಕಿಟಕಿಯ ಸರಳು ಹಿಡಿದುಕೊಂಡ.

"ಮೇಡಂ," ಅಂದ ಗಾದ್ರಪ್ಪ. "ಒಂದು ತಲೆಗೆ ಹೋಗ್ತಾ ಇಲ್ಲ. ಇನ್ಮೇಲೆ ಯಾವಾಗ್ಲೂ ಇದರಲ್ಲೇ ತೆಗಿ ಅಂತ ಯಾವುದೋ ಪ್ರೋಗ್ರಾಂ ಹೆಸರು ಬರೆದವ್ರೆ ಅಂದೆ. ಈಗ ನೀನು ಒತ್ತಿದಾಗ ಬಂದಿದ್ದು ಅದೇನಾ?"

"ಅಲ್ಲ ಸಾರ್. ಈಗ ಬಂದಿದ್ದು ಸುಮ್ನೆ ಚಿತ್ರ ತೋರಿಸೋ ಪ್ರೋಗ್ರಾಂ. ಎಲ್ಲಾ ಕಂಪ್ಯೂಟರಲ್ಲೂ ಇರ್ತದೆ."

"ಮತ್ತೆ ಬರೆದಿರೋದು?"

"ಅದು ಈ ಕಂಪ್ಯೂಟರಲ್ಲಿ ಇಲ್ಲ. ಯಾರೋ ಹಾಕಿ, ಕೆಲಸ ಮುಗಿಸಿ, ತೆಗೆದುಹಾಕಿದಾರೆ. ಪ್ರೋಗ್ರಾಂ ತೆಗೆದ್ರೆ ಈ ಪಟ್ಟಿಯ ಸಾಲು ಹೋಗಲ್ಲ. ಅದು ಅವ್ರಿಗೆ ಗೊತ್ತಿರಲಿಲ್ಲ ಅನ್ಸುತ್ತೆ."

ಗಾದ್ರಪ್ಪ ತೊಡೆ ತಟ್ಟಿಕೊಂಡ. "ಮಂಡಿ ಬಾಗ್ಲು ಹಾಕೈತೆ. ಚೀಟಿ ಮೂಟೆ ಮೇಲೇ ಉಳಿದೈತೆ. ಹಮಾಲಿ ಬಾಗ್ಲು ನೋಡಿ, ಯಾರಿಗೂ ಹೇಳ್ದೆ ಪಕ್ಕದ ಮಂಡಿಗೆ ಇಳಿಸಿದ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ."

ಅವನಿಗೆ ಆ ಕ್ಷಣಕ್ಕೆ ನಿಜವಾಗಿ ಸಂತೋಷವಾಗಿತ್ತು. ಕಳ್ಳ ಬಾಗಿಲು ಒರೆಸಿದ್ದ, ನೆಲ ಒರೆಸಿದ್ದ, ಚೀಟಿಯನ್ನು ಮರೆತಿದ್ದ. ಇಂಥದ್ದು ಕೈಗೆ ಸಿಗುವುದಕ್ಕೆ ಪೊಲೀಸನೊಬ್ಬ ವರ್ಷಗಟ್ಟಲೆ ಕಾಯುತ್ತಾನೆ.

"ಆ ಚೀಟಿ ಮೇಲೆ ಯಾವ ಮಂಡಿ ಹೆಸರೈತೆ? ಹೇಳಮ್ಮ."

ದಿವ್ಯಶ್ರೀ ಪರದೆಯನ್ನು ನೋಡುತ್ತಿರಲಿಲ್ಲ. ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಏನು, ನಿಂಗೂ ಇಂಗ್ಲಿಷ್ ಬರಲ್ವಾ?"

"ಅದು ನಂದು ಸಾರ್."

"ಏನು ನಿಂದು?"

"ಆ ಪ್ರೋಗ್ರಾಂ. ಪವರ್‌ಲೂಮಿಗೆ ಡಿಸೈನ್ ಕಾರ್ಡ್ ಮಾಡೋದು. ನನ್ನ ಸೆಂಟರಲ್ಲಿ ಕಲಿಸ್ತೀನಿ. ಹುಡುಗ್ರಿಗೆ ಅರ್ಥ ಆಗ್ಲಿ ಅಂತ ಮೆನು ಎಲ್ಲಾ ಕನ್ನಡಕ್ಕೆ ಮಾಡಿ, ನನ್ನ ಸೆಂಟರ್ ಹೆಸರೇ ಇಟ್ಟಿದೀನಿ. ಇಲ್ಲಿರೋದು ಆ ಹೆಸರು. ಬೇರೆ ಎಲ್ಲೂ ಸಿಗಲ್ಲ ಅದು."

ಗಾದ್ರಪ್ಪ ಎದ್ದು ನಿಂತ. ಸ್ಟೂಲು ಹಿಂದಕ್ಕೆ ಬಿತ್ತು. "ಬೆಳಗಿಂದ ನನ್ನ ಪಕ್ಕದಾಗೆ ಕೂತು ನಂಗೇ ಪಾಠ ಹೇಳ್ತಾ ಇದೀಯಾ ನೀನು?"

"ಸಾರ್, ನಾನೇ ಮಾಡಿದ್ರೆ ಈ ಸಾಲು ಓದ್ತಿದ್ನಾ? ಅಳಿಸಿಬಿಡ್ತಿದ್ದೆ. ನಿಮಗೆ ಗೊತ್ತೂ ಆಗ್ತಿರಲಿಲ್ಲ." ಅವಳ ಕಣ್ಣು ಕೆಂಪಾಗಿತ್ತು, ಆದರೆ ದನಿ ನಡುಗಲಿಲ್ಲ.

ಮಾತು ಸರಿಯಾಗಿತ್ತು. ಗಾದ್ರಪ್ಪ ಬಗ್ಗಿ ಸ್ಟೂಲನ್ನು ಎತ್ತಿ ನಿಲ್ಲಿಸಿದ. ಅವನಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಸ್ಟೂಲಿನ ಧೂಳು ಒರೆಸಿದ.

"ಯಾರಿಗೆ ಕೊಟ್ಟಿದ್ದೆ?"

"ಸೆಂಟರಿಂದ ಆಚೆ ಒಬ್ರಿಗೇ ಕೊಟ್ಟಿದ್ದು. ಮನೇಲಿ ಪ್ರಾಕ್ಟೀಸ್ ಮಾಡ್ತೀನಿ ಮೇಡಂ ಅಂತ ಕೇಳಿದ್ಲು. ಜಾಣೆ. ನನ್ನ ಹತ್ರ ಕಲಿಯೋರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. ಪೆನ್‌ಡ್ರೈವಿಗೆ ನಾನೇ ಹಾಕಿಕೊಟ್ಟೆ."

"ಹೆಸರು."

ದಿವ್ಯಶ್ರೀ ಬಾಗಿಲ ಕಡೆ ನೋಡಿದಳು. ಆ ನೋಟ ಎಲ್ಲಿ ಹೋಗಿ ನಿಂತಿತು ಎಂದು ಗಾದ್ರಪ್ಪನೂ ನೋಡಿದ.

"ಶ್ರುತಿ," ಅಂದಳು. "ಓಬಳಕ್ಕನ ಮಗಳು."

"ನಾ ಬಿಡ್ಡ ಕಾದು," ಅಂದಳು ಓಬಳಮ್ಮ. ಗಾಬರಿಯಾದಾಗ ಅವಳ ಬಾಯಿಗೆ ಮನೆಯ ತೆಲುಗೇ ಬರುತ್ತಿತ್ತು. ನನ್ನ ಮಗು ಅಲ್ಲ, ನನ್ನ ಮಗು ಅಲ್ಲ ಎಂದು ಎರಡು ಸಲ ಅಂದು, ತುಟಿ ಕಚ್ಚಿಕೊಂಡಳು.

ಗಾದ್ರಪ್ಪ ಏನೂ ಕೇಳಲಿಲ್ಲ. ಕೇಳದೆ ಬಿಟ್ಟರೆ ಜನ ತಾವಾಗಿ ಏನು ಹೇಳುತ್ತಾರೆ ಎನ್ನುವುದು ಅವನಿಗೆ ಗೊತ್ತಿತ್ತು.

ಓಬಳಮ್ಮ ಎದ್ದಳು. ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ಐದು ದಿನದಿಂದ ಇದ್ದ ಸಿಟ್ಟು, ಅವಮಾನ ಎರಡೂ ಇರಲಿಲ್ಲ. ಬಿಗಿದ ದಾರವೊಂದು ಹರಿದ ಮೇಲಿನ ಹಾಗಿತ್ತು.

"ಬರ್ಕಳಪ್ಪ. ನಾನೇ ಕೊಟ್ಟಿದ್ದು."

"ಏನು?"

"ಡಿಸೈನು. ನಾನೇ ಚಳ್ಳಕೆರೆಗೆ ಕೊಟ್ಟಿದ್ದು. ನನ್ನ ಹೆಸರು ಹೊಡೀರಿ, ಮಗ್ಗ ತಗಂಡು ಹೋಗ್ರಿ. ಶ್ರುತಿ ಬ್ಯಾಗಲ್ಲಿದ್ದ ಪೆನ್‌ಡ್ರೈವು ಅವ್ಳಿಗೆ ಗೊತ್ತಿಲ್ದಂಗೆ ತೆಗೆದು ತಂದಿದ್ದೆ. ಅವ್ಳಿಗೆ ಏನೂ ಗೊತ್ತಿಲ್ಲ."

"ಕೇಳಿದ್ರಾ," ಅಂದ ಬೊಮ್ಮಯ್ಯ ಕಿಟಕಿಯಿಂದ. "ಕೇಳಿದ್ರಾ ದಫೇದಾರ್ರೇ? ಅವಳ ಬಾಯಿಂದ್ಲೇ ಬಂತು. ನಾನು ಮೊದಲ್ನೇ ದಿನದಿಂದ ಹೇಳ್ತಾ ಇದೀನಿ. ಬರ್ಕಳಿ. ಹೆಬ್ಬೆಟ್ಟೋ ಸೈನೋ ತಗಳಿ. ನಾಲ್ಕು ಗಂಟೆಗೆ ಸದಸ್ಯರ ಮುಂದೆ ಓದಾಣ."

"ಬಾಯಿ ಮುಚ್ಚು," ಅಂದ ಗಾದ್ರಪ್ಪ. ಮರ್ಯಾದೆ ಬಿಟ್ಟುಹೋದದ್ದು ಇಬ್ಬರಿಗೂ ಗೊತ್ತಾಯಿತು, ಯಾರೂ ಎತ್ತಿಕೊಳ್ಳಲಿಲ್ಲ.

ಅವನು ಓಬಳಮ್ಮನ ಎದುರಿಗೆ ಬಂದು ನಿಂತ.

"ಓಬಳಕ್ಕ, ಸುಳ್ಳು ಹೇಳೋದೂ ಒಂದು ಕಸುಬು. ನಿಂಗೆ ಬರಲ್ಲ ಅದು. ನಿನ್ನ ಹೆಸರಲ್ಲಿ ಪೆನ್‌ಡ್ರೈವ್ ಚುಚ್ಚಿದ್ರೆ ಗೋಡೆಗೆ ಚುಚ್ಚಿದಂಗೆ ಅಂತ ಈಗ ತಾನೆ ಕೇಳಿದೀಯ. ಹೆಂಗೆ ಕೊಟ್ಟೆ?"

"ನನ್ನ ಹೆಸರಲ್ಲಿ ಅಲ್ಲ."

"ಮತ್ತೆ?"

"ಕಾರ್ಯದರ್ಶಿ ಹೆಸರಲ್ಲಿ."

"ಇವನ ಹೆಸರಲ್ಲಿ ಕೂರೋಕೆ ಪಾಸ್‌ವರ್ಡ್ ಬೇಕು."

ಓಬಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಸಿಕ್ಕಿಬಿದ್ದಳು ಎಂದುಕೊಂಡ ಗಾದ್ರಪ್ಪ. ಮಗಳನ್ನು ಕಾಯುವುದಕ್ಕೆ ಅವ್ವ ಹೇಳಿದ ಸುಳ್ಳು ಇಲ್ಲಿಗೆ ಮುಗಿಯಿತು.

"ಮೇಡಂ, ಇವರ ಹೆಸರು ಮುಚ್ಚಮ್ಮ," ಅಂದ. ದಿವ್ಯಶ್ರೀ ಒಂದು ಗುಂಡಿ ಒತ್ತಿದಳು. ಗೌಜಲಕ್ಕಿ ಹೋಗಿ, ಬೊಮ್ಮಯ್ಯನ ಹೆಸರೂ ಅದರ ಕೆಳಗೆ ಖಾಲಿ ಚೌಕವೂ ಬಂತು. "ಬಾ ಅಕ್ಕ. ಕೂತ್ಕ. ತೆಗಿ, ನೋಡಾಣ."

ತೆಗೆಯಲಾರಳು ಎಂದು ಅವನಿಗೆ ಖಾತ್ರಿಯಿತ್ತು. ತೆಗೆಯದೆ ಅತ್ತರೆ, ಆ ಅಳುವಿನ ಹಿಂದೆ ನಿಜ ಬರುತ್ತದೆ ಎಂದೂ ಖಾತ್ರಿಯಿತ್ತು.

ಓಬಳಮ್ಮ ಬಂದು ಕೂತಳು. ಲಾಳಿ ಹಿಡಿದು ಹಿಡಿದು ಗಟ್ಟಿಯಾದ ತೋರುಬೆರಳನ್ನು ಎತ್ತಿದಳು. ಬೊಮ್ಮಯ್ಯನ ಹಾಗೆ ಮೊಣಕೈ ಅಗಲಿಸಲಿಲ್ಲ, ಯಾರನ್ನೂ ಗೋಡೆಗೆ ತಿರುಗಿಸಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

ಟಕ್. ಟಕ್. ಟಕ್.

ಗಾದ್ರಪ್ಪನ ಕಿವಿ ತಾನಾಗಿಯೇ ಎಣಿಸಿತು. ಏಳು. ಎಂಟು. ಒಂಬತ್ತು.

ಆಮೇಲೆ ಒಂದು ದೊಡ್ಡದು.

ಪರದೆ ತೆರೆದುಕೊಂಡಿತು. ಎಡಕ್ಕೆ ನೋಡುವ ಗೌಜಲಕ್ಕಿ, ಬಿಳಿ ಚೀಟಿ, ಎಲ್ಲಾ ಬಿಟ್ಟಲ್ಲೇ ಇದ್ದವು.

ದಿವ್ಯಶ್ರೀಯ ಕೈ ಬಾಯಿಗೆ ಹೋಯಿತು. ಓಬಳಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ ನೋಡುತ್ತಾ ಕೂತಳು.

ಗಾದ್ರಪ್ಪ ಬೊಮ್ಮಯ್ಯನ ಕಡೆ ತಿರುಗಿದ. ಈಗ ಅವನು ಕುಣಿಯಬೇಕಿತ್ತು. ಅರ್ಜಿದಾರನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಬೊಮ್ಮಯ್ಯ ಕುಣಿಯಲಿಲ್ಲ. ಪರದೆಯ ಕಡೆ ನೋಡಲೂ ಇಲ್ಲ. ಓಬಳಮ್ಮನ ಬೆರಳುಗಳನ್ನೇ ನೋಡುತ್ತಿದ್ದ. ಆಮೇಲೆ ನಿಧಾನವಾಗಿ ಬಾಗಿಲಿಗೆ ಹೋಗಿ, ಹೊರಗೆ ಜುಂಜಣ್ಣನೊಂದಿಗೆ ಮಾತಾಡುತ್ತಾ ಬಂದ ಮೊದಲ ಸದಸ್ಯರ ಎದುರಿಗೇ ಬಾಗಿಲು ಹಾಕಿ ಅಗಳಿ ಎಳೆದ.

"ಗಾದ್ರಾ," ಅಂದ.

ಇಪ್ಪತ್ತಾರು ವರ್ಷದ ಮೇಲೆ ಆ ಹೆಸರು ಅವನ ಬಾಯಿಂದ ಬಂದಿತ್ತು.

"ಅರ್ಜಿ ವಾಪಸ್ ತಗಂತೀನಿ. ಸಭೆ ಬೇಡ, ಏನೂ ಬೇಡ. ಮಗ್ಗ ಆಯಮ್ಮನ ಮನೆಯಾಗೇ ಇರ್ಲಿ. ಆ ಪಾಸ್‌ವರ್ಡು ಆಯಮ್ಮಂಗೆ ಹೆಂಗೆ ಗೊತ್ತು ಅಂತ ಕೇಳ್ಬೇಡ, ಇದನ್ನ ಇಲ್ಲಿಗೇ ಬಿಟ್ಬಿಡಪ್ಪ."

ಗಾದ್ರಪ್ಪ ಕುರ್ಚಿಯೊಂದನ್ನು ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತ. ಪುಸ್ತಕ ತೆಗೆದು ಹೊಸ ಪುಟ ತಿರುವಿದ. ಬೊಮ್ಮಯ್ಯನ ಮಾತು ಕೇಳಿಸಿಯೇ ಇಲ್ಲವೇನೋ ಎನ್ನುವ ಹಾಗೆ ಓಬಳಮ್ಮನನ್ನು ಕೇಳಿದ.

"ಅಕ್ಕ, ಚಳ್ಳಕೆರೆಯಿಂದ ಶ್ರುತಿ ಬರೋ ಬಸ್ಸು ಎಷ್ಟೊತ್ತಿಗೆ ಐತೆ?"

"ಮೂರೂ ಐವತ್ತಕ್ಕೆ. ಶನಿವಾರ ಮಾತ್ರ ತಡ," ಅಂದದ್ದು ಬೊಮ್ಮಯ್ಯ.

ಓಬಳಮ್ಮ ಮೆಲ್ಲಗೆ ತಲೆ ತಿರುಗಿಸಿ ಅವನನ್ನು ನೋಡಿದಳು. ತನ್ನ ಮಗಳ ಬಸ್ಸಿನ ಹೊತ್ತು ಅವನಿಗೆ ಇಷ್ಟು ಚೆನ್ನಾಗಿ ಗೊತ್ತಿದೆ ಎನ್ನುವುದು ಅವಳಿಗೂ ಹೊಸ ಸುದ್ದಿಯಾಗಿತ್ತು.